ಬಡ್ಡಿಗೆ ಭಾನುವಾರವಿಲ್ಲ

ಪತ್ರಿಕೆಯ ಒಳಪುಟದಲ್ಲಿ ಯಾರೂ ಓದದ ಒಂದು ಬಗೆಯ ಜಾಹೀರಾತು ಬರುತ್ತದೆ. ಇರುವೆ ಸಾಲಿನಂಥ ಅಕ್ಷರ. ಮೇಲೆ ‘ಸ್ವಾಧೀನ ಸೂಚನೆ’ ಅಥವಾ ‘ಇ-ಹರಾಜು ಪ್ರಕಟಣೆ’ ಎಂಬ ತಲೆಬರಹ. ಕೆಳಗೆ ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಕೊನೆಗೆ ಚೆಕ್ಕುಬಂದಿ: ಪೂರ್ವಕ್ಕೆ ಇಂಥ ನಂಬರಿನ ನಿವೇಶನ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಖಾಸಗಿ ಸ್ವತ್ತು. ಬನಶಂಕರಿ ಎರಡನೇ ಹಂತ, ಜೆ.ಪಿ. ನಗರದ ಯಾವುದೋ ಫೇಸ್, ಜಯನಗರದ ಯಾವುದೋ ಬ್ಲಾಕ್, ಬಿಟಿಎಂ ಲೇಔಟ್. ಹೆಸರುಗಳು ಪರಿಚಿತವೇ, ಆದರೂ ಕಣ್ಣು ಜಾರಿ ಕ್ರೀಡಾಪುಟಕ್ಕೆ ಹೋಗುತ್ತದೆ. ಎಂದೋ ಒಂದು ದಿನ ಮಾತ್ರ ನಿಲ್ಲುತ್ತದೆ, ಯಾಕೆಂದರೆ ಅದು ದಿನಾ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಸಿಗುವವರ ಮನೆ. ಚೆಕ್ಕುಬಂದಿಯಲ್ಲಿ ಉತ್ತರಕ್ಕಿರುವ ಹೆಸರು ನಮ್ಮದೇ.

ಈ ಪ್ರಕಟಣೆ ಕನ್ನಡ ಪತ್ರಿಕೆಯಲ್ಲಿ ಬರುವುದು ಬ್ಯಾಂಕಿನವರ ಭಾಷಾಪ್ರೇಮದಿಂದಲ್ಲ. 2002ರ ಸರ್ಫೇಸಿ ಕಾಯ್ದೆಯ ನಿಯಮಗಳ ಪ್ರಕಾರ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಹಿಂದೆ ಇದೇ ಕೆಲಸವನ್ನು ಕೋರ್ಟಿನ ಅಮೀನರು ತಮಟೆ ಬಾರಿಸಿ ಮಾಡಿಸುತ್ತಿದ್ದರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ತಮಟೆಯ ಉಲ್ಲೇಖ ಇವತ್ತಿಗೂ ಉಳಿದಿದೆ. ಕನ್ನಡದಲ್ಲಿ ‘ಹರಾಜು’ ಎಂಬ ಮಾತು ಆಸ್ತಿಗಿಂತ ಮೊದಲು ಮಾನಕ್ಕೆ ಅಂಟಿಕೊಂಡಿರುವುದು ಸುಮ್ಮನೆ ಅಲ್ಲ. ಮಾನ ಹರಾಜಾಯಿತು ಅನ್ನುತ್ತೇವೆ, ಮಾನ ಮಾರಾಟವಾಯಿತು ಅನ್ನುವುದಿಲ್ಲ.

ಅಂಥ ಸೂಚನೆ ಬಾಗಿಲಿಗೆ ಅಂಟಿದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಸಾಲ ಎಷ್ಟು’ ಎಂಬುದಲ್ಲ; ಅದು ಅವರಿಗೆ ಗೊತ್ತಿರುತ್ತದೆ. ‘ಸ್ವಲ್ಪ ದಿನ ಮುಂದಕ್ಕೆ ಹಾಕಿಸೋಕೆ ಆಗುತ್ತಾ?’ ಎಂದು ಕೇಳುತ್ತಾರೆ. ಮಗಳ ಮದುವೆ ಮುಗಿಯಲಿ, ಮೊಮ್ಮಗನ ಪರೀಕ್ಷೆ ಮುಗಿಯಲಿ, ಹಾಸಿಗೆ ಹಿಡಿದ ಅಜ್ಜಿಯ ಕಾಲವೊಂದು ಮುಗಿಯಲಿ. ಆಗುತ್ತದೆ. ಆದರೆ ಎಷ್ಟು ದಿನ, ಯಾರ ಹತ್ತಿರ ಕೇಳಬೇಕು, ಆ ದಿನಗಳ ಖರ್ಚು ಯಾರದು ಎನ್ನುವುದು ಗೊತ್ತಿಲ್ಲದೆ ಕೇಳಿದರೆ ಸಿಗುವ ಮುಂದೂಡಿಕೆ ಮನೆಯನ್ನು ಉಳಿಸುವುದಿಲ್ಲ. ಮನೆ ಹೋದಮೇಲೆ ಉಳಿಯಬಹುದಾಗಿದ್ದ ದುಡ್ಡನ್ನೂ ತಿಂದುಹಾಕುತ್ತದೆ.

ಅಪ್ಪನ ಮನೆ, ಮಗನ ಸಾಲ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬನಶಂಕರಿಯಲ್ಲಿ 30x40 ನಿವೇಶನ. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು 1976ರಲ್ಲಿ ಬಿಡಿಎ ಆಗುವುದಕ್ಕೆ ಸ್ವಲ್ಪ ಮೊದಲು ಹಂಚಿಕೆಯಾದದ್ದು. ಸಾರ್ವಜನಿಕ ಉದ್ದಿಮೆಯೊಂದರಲ್ಲಿ ದುಡಿದ ಅಪ್ಪ ಮೊದಲು ನೆಲಮಹಡಿ ಕಟ್ಟಿ, ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಎಬ್ಬಿಸಿದ್ದಾರೆ. ಮಗ ಜೆ.ಪಿ. ನಗರದಲ್ಲಿ ಸಣ್ಣ ಉದ್ದಿಮೆ ಶುರುಮಾಡಿ ಬ್ಯಾಂಕಿನಿಂದ 50 ಲಕ್ಷ ಸಾಲ ಎತ್ತಿದ್ದಾನೆ. ಆಧಾರ ಅಪ್ಪನ ಮನೆ. ಜಾಮೀನಿನ ಕಾಗದಕ್ಕೆ ಅಪ್ಪನ ಸಹಿ. ಉದ್ದಿಮೆ ಮುಳುಗಿದೆ. ದಕ್ಷಿಣ ಬೆಂಗಳೂರಿನಲ್ಲಿ ಮನೆ ಹರಾಜಿಗೆ ಬರುವ ಕತೆಗಳ ಸಾಮಾನ್ಯ ಅಚ್ಚು ಇದು: ಸಾಲ ಮಾಡಿದವನು ಒಬ್ಬ, ಹೊಸಿಲು ಕಳೆದುಕೊಳ್ಳುವವರು ಇನ್ನೊಬ್ಬರು.

ಬೀದಿಯವರು ‘ಪಾಪ, ಪಾಪರ್ ಆಗೋದ್ರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕಾನೂನಿಗೆ ಅದು ಒಂದೇ ಮಾತಲ್ಲ. ಮನೆ ಮೂರು ಬೇರೆ ಬೇರೆ ದಾರಿಯಲ್ಲಿ ಹೋಗಬಹುದು: ಅಡಮಾನ ಹಿಡಿದ ಬ್ಯಾಂಕು ಸರ್ಫೇಸಿಯಡಿ ತಾನೇ ಮಾರುವುದು, ಡಿಕ್ರಿ ಪಡೆದ ಸಾಲಿಗ ಸಿವಿಲ್ ಕೋರ್ಟಿನ ಮೂಲಕ ಮಾರಿಸುವುದು, ವ್ಯಕ್ತಿಯನ್ನೇ ದಿವಾಳಿ ಎಂದು ಘೋಷಿಸಿ ಅವನ ಆಸ್ತಿಯನ್ನು ಒಟ್ಟಾಗಿ ಮಾರುವುದು. ಒಂದೊಂದು ದಾರಿಯಲ್ಲೂ ನಿಲ್ಲಲು ಜಾಗ ಬೇರೆ ಬೇರೆ.

ಬ್ಯಾಂಕಿನ ಗಡಿಯಾರ

ಮೊದಲನೆಯದೇ ಇವತ್ತು ಹೆಚ್ಚು ನಡೆಯುವ ದಾರಿ. ಕಂತು 90 ದಿನ ನಿಂತರೆ ಖಾತೆ ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ. ಆಮೇಲೆ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟಿಸು. ಬಾಕಿ ತೀರಿಸಲು 60 ದಿನ. ಈ ನೋಟಿಸಿಗೆ ಆಕ್ಷೇಪ ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು. ಹಣ ಬಾರದಿದ್ದರೆ ಕಾಗದದ ಮೇಲಿನ ಸ್ವಾಧೀನ, ನಂತರ ಮ್ಯಾಜಿಸ್ಟ್ರೇಟರ ನೆರವಿನಿಂದ ಬೀಗ ಹಾಕುವ ಸ್ವಾಧೀನ. ಮಾರುವ ಮುನ್ನ ಮತ್ತೆ 30 ದಿನದ ನೋಟಿಸು. ಮೊದಲ ಹರಾಜಿಗೆ ಯಾರೂ ಬಾರದಿದ್ದರೆ ಎರಡನೆಯದಕ್ಕೆ 15 ದಿನದ ನೋಟಿಸು ಸಾಕು.

ಬ್ಯಾಂಕಿನ ಕ್ರಮ ತಪ್ಪು ಅನ್ನಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿಗೆ ತಡೆ ಕೊಡುವ ಅಧಿಕಾರ ಅದಕ್ಕಿದೆ. ಸಾಮಾನ್ಯವಾಗಿ ಬಾಕಿಯಲ್ಲಿ ಇಂತಿಷ್ಟು ಇಂಥ ದಿನದೊಳಗೆ ಕಟ್ಟು ಎಂಬ ಷರತ್ತಿನೊಂದಿಗೆ ಕೊಡುತ್ತದೆ. ಅಲ್ಲಿ ಸೋತು ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಸಾಲಗಾರ ಬಾಕಿಯ ಅರ್ಧದಷ್ಟನ್ನು ಠೇವಣಿ ಇಡಬೇಕು. ಅದನ್ನು ಕಾಲು ಭಾಗಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ನೇರ ಹೈಕೋರ್ಟಿಗೆ ರಿಟ್ ಹಾಕಿ ‘ಸ್ಟೇ’ ತರುತ್ತೇವೆ ಎನ್ನುವವರು ಒಂದು ವಿಷಯ ನೆನಪಿಡಬೇಕು. ನ್ಯಾಯಮಂಡಳಿಯ ದಾರಿ ಇರುವಾಗ ಹೈಕೋರ್ಟುಗಳು ಇಂಥ ಅರ್ಜಿಗಳಿಗೆ ಕೈಹಾಕಬಾರದು ಎಂದು ಸುಪ್ರೀಂ ಕೋರ್ಟು 2010ರ ಸತ್ಯವತಿ ಟಂಡನ್ ಪ್ರಕರಣದಿಂದಲೂ ಹೇಳುತ್ತಲೇ ಬಂದಿದೆ.

ಈ ದಾರಿಯಲ್ಲಿ ಒಂದು ತಿರುವು ಬಹಳ ಮನೆಗಳವರಿಗೆ ಗೊತ್ತಿಲ್ಲ. ಹಿಂದೆ, ಹರಾಜಿನ ಸುತ್ತಿಗೆ ಬೀಳುವವರೆಗೂ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂಬ ತಿಳಿವಳಿಕೆ ಇತ್ತು. 2016ರಲ್ಲಿ ಕಲಂ 13(8) ತಿದ್ದುಪಡಿಯಾಯಿತು. ಹರಾಜಿನ ಪ್ರಕಟಣೆ ಹೊರಬೀಳುವ ದಿನಕ್ಕೆ ಮೊದಲೇ ಕಟ್ಟಬೇಕು. 2023ರ ಸೆಪ್ಟೆಂಬರಿನಲ್ಲಿ ಸೆಲಿರ್ ಎಲ್‌ಎಲ್‌ಪಿ ಮತ್ತು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಪತ್ರಿಕೆಯಲ್ಲಿ ಪ್ರಕಟಣೆ ಬಂದಮೇಲೆ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ. ನಮ್ಮ ಒಳಪುಟದ ಆ ಇರುವೆ ಸಾಲಿಗೆ ಎಂಥ ತೂಕ ಬಂದಿದೆ ನೋಡಿ. ಊರಿನ ಜಮೀನು ಮಾರಿ ತರುತ್ತೇನೆ, ಅಮೆರಿಕದ ಭಾವಮೈದ ಕಳಿಸುತ್ತಾನೆ ಎಂದು ಹರಾಜಿನ ಹಿಂದಿನ ದಿನದವರೆಗೆ ಕಾದವನಿಗೆ, ಹಣ ಕೈಗೆ ಬಂದರೂ ಅದನ್ನು ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿದಿರುವುದಿಲ್ಲ.

ಹಳೆಯ ಕೋರ್ಟಿನ ಸೈರಣೆ

ಸಿವಿಲ್ ಕೋರ್ಟಿನ ದಾರಿ ನಿಧಾನ. ಅದರಲ್ಲಿ ಮುಂದೂಡಿಕೆಗೆಂದೇ ಒಂದು ಬಾಗಿಲನ್ನು ಕಡೆದಿಟ್ಟಿದ್ದಾರೆ. ಸಂಹಿತೆಯ 21ನೇ ಆದೇಶದ 83ನೇ ನಿಯಮ. ಅದರ ತಿರುಳು ಇಷ್ಟು: ಈ ಸ್ವತ್ತನ್ನೋ ಇದರ ಒಂದು ಭಾಗವನ್ನೋ ಅಥವಾ ಬೇರೆ ಸ್ವತ್ತನ್ನೋ ನಾನೇ ಮಾರಿ, ಅಡವಿಟ್ಟು ಇಲ್ಲವೇ ಗುತ್ತಿಗೆಗೆ ಕೊಟ್ಟು ಡಿಕ್ರಿ ಹಣ ಹೊಂದಿಸಬಲ್ಲೆ ಎಂದು ಸಾಲಗಾರ ನಂಬುವಂತೆ ತೋರಿಸಿದರೆ, ಕೋರ್ಟು ಹರಾಜನ್ನು ಸೂಕ್ತ ಷರತ್ತಿನ ಮೇಲೆ, ಸೂಕ್ತ ಅವಧಿಗೆ ಮುಂದೂಡಬಹುದು. ನೂರಕ್ಕೂ ಹೆಚ್ಚು ವರ್ಷದ ಈ ನಿಯಮದ ವಿವೇಕವನ್ನು ಗಮನಿಸಿ. ‘ನನಗೆ ಕಷ್ಟ ಇದೆ, ಬಿಡಿ’ ಎಂದರೆ ಅದು ಕಿವಿಗೊಡುವುದಿಲ್ಲ. ‘ನೀವು ಮಾರುವುದಕ್ಕಿಂತ ಚೆನ್ನಾಗಿ ನಾನು ಮಾರುತ್ತೇನೆ, ಸಮಯ ಕೊಡಿ’ ಎಂದರೆ ಕೇಳುತ್ತದೆ.

ಇನ್ನೂ ಕೆಲವು ಸಣ್ಣ ಆಸರೆಗಳಿವೆ. ಸಾಲ ತೀರುವಷ್ಟು ಭಾಗವನ್ನು ಮಾತ್ರ ಮಾರಬೇಕು, ಇಡೀ ಸ್ವತ್ತನ್ನಲ್ಲ. ಹರಾಜಾದ ಮೇಲೂ 60 ದಿನದೊಳಗೆ ಪ್ರಕಟಣೆಯಲ್ಲಿದ್ದ ಬಾಕಿಯನ್ನೂ ಕೊಂಡವನಿಗೆ ಕೊಂಡ ಬೆಲೆಯ ಶೇ 5ನ್ನೂ ಕಟ್ಟಿದರೆ ಹರಾಜು ರದ್ದಾಗುತ್ತದೆ. ಆದರೆ 83ನೇ ನಿಯಮದ ಮುಂದೂಡಿಕೆ ಅಡಮಾನದ ಡಿಕ್ರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಪ್ರಾಥಮಿಕ ಡಿಕ್ರಿಯಲ್ಲೇ ಆರು ತಿಂಗಳವರೆಗೆ ಗಡುವು ಕೊಡುವ ಬೇರೆ ಪದ್ಧತಿ ಇದೆ.

ಮನೆ ಜಪ್ತಿಯೇ ಆಗದಂತೆ ರಕ್ಷಣೆ ಇಲ್ಲವೇ? ಇದೆ, ಆದರೆ ಸಂಹಿತೆಯ 60ನೇ ಕಲಂ ಆ ರಕ್ಷಣೆಯನ್ನು ಕೊಟ್ಟಿರುವುದು ಕೃಷಿಕ, ಕೂಲಿಕಾರ ಮತ್ತು ಮನೆಗೆಲಸದವರು ವಾಸವಿರುವ ಮನೆಗೆ. ಶಾಸನಕಾರರ ಕಣ್ಣಿನಲ್ಲಿ ಬಡವ ಎಂದರೆ ಈ ಮೂವರೇ. ತಾವರೆಕೆರೆಯ ಗಾರೆ ಕೆಲಸದವನ ಸ್ವಂತ ಸೂರು ಈ ಕೊಡೆಯಡಿ ಬರಬಹುದು, ಅದೇ ಬಿಟಿಎಂ ಲೇಔಟಿನಲ್ಲಿ ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಎಂಜಿನಿಯರನ ಫ್ಲ್ಯಾಟ್ ಬರುವುದಿಲ್ಲ. ಪಂಜಾಬಿನವರು ಸ್ವಾತಂತ್ರ್ಯಕ್ಕೂ ಮೊದಲೇ ಈ ಕಲಮಿಗೆ ತಿದ್ದುಪಡಿ ತಂದು, ಕೃಷಿಕನಲ್ಲದ ಸಾಲಗಾರನ ಒಂದು ಮುಖ್ಯ ವಾಸದ ಮನೆಯನ್ನೂ ಜಪ್ತಿಯಿಂದ ಹೊರಗಿಟ್ಟರು, ಅದು ಅದೇ ಸಾಲಕ್ಕೆ ಆಧಾರವಾಗಿರದಿದ್ದರೆ. ಕರ್ನಾಟಕದ ನಗರವಾಸಿಗೆ ಅಂಥ ಕಲಮಿನ ನೆರಳಿಲ್ಲ.

20 ಲಕ್ಷದ ಮನೆ ಎಲ್ಲಿದೆ?

ಇನ್ನು ದಿವಾಳಿ. ಈ ಪದದ ಹಿಂದೆ ಒಂದು ಕತೆ ಹೇಳುವುದುಂಟು: ವ್ಯಾಪಾರ ಮುಳುಗಿದವನು ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ‘ನನ್ನ ಕೈಲಿ ಇನ್ನಾಗದು’ ಎಂದು ಪೇಟೆಗೆ ತಿಳಿಸುತ್ತಿದ್ದನಂತೆ. ಸೋಲನ್ನು ಒಪ್ಪಿಕೊಂಡು, ಇರುವುದನ್ನು ಎಲ್ಲ ಸಾಲಿಗರಿಗೂ ಹಂಚಿ, ಹೊಸದಾಗಿ ಬದುಕಲು ಬಿಡುವುದೇ ದಿವಾಳಿ ಕಾನೂನಿನ ಉದ್ದೇಶ.

2016ರ ದಿವಾಳಿ ಸಂಹಿತೆ, ಐಬಿಸಿ, ಕಂಪನಿಗಳ ಮಟ್ಟಿಗೆ ಮನೆಮಾತಾಯಿತು. ಅದರಲ್ಲಿ ವ್ಯಕ್ತಿಗಳಿಗೆಂದೇ ಬರೆದ ಮೂರನೇ ಭಾಗವಿದೆ. ಅದನ್ನು 2019ರ ಡಿಸೆಂಬರ್ 1ರಿಂದ ಒಂದು ಗುಂಪಿಗೆ ಮಾತ್ರ ಜಾರಿಗೆ ತಂದರು: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ. ಹಾಗಾಗಿ ನಮ್ಮ ಬನಶಂಕರಿಯ ಮಗನ ಉದ್ದಿಮೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಜಾಮೀನುದಾರ ಅಪ್ಪನಿಗೆ ಹೊಸ ಸಂಹಿತೆ. ಅವನದು ಬರೀ ಒಡೆತನದ ಅಂಗಡಿಯಾಗಿದ್ದರೆ ಜಿಲ್ಲಾ ನ್ಯಾಯಾಲಯ ಮತ್ತು 1909, 1920ರ ಬ್ರಿಟಿಷ್ ಕಾಯ್ದೆಗಳ ಅಚ್ಚಿನ ಹಳೆಯ ಕಾನೂನು. ಬೋರ್ಡಿನ ಮೇಲೆ ಎರಡು ಪದ ಇವೆಯೋ ಇಲ್ಲವೋ ಎಂಬುದರ ಮೇಲೆ ಅಪ್ಪನ ಮುಪ್ಪಿನ ಕಾನೂನು ಬದಲಾಗುತ್ತದೆ.

ಹೊಸ ಸಂಹಿತೆಯಲ್ಲಿ ಮುಂದೂಡಿಕೆ ತಾನಾಗಿಯೇ ಬರುತ್ತದೆ. ಅರ್ಜಿ ದಾಖಲಾದ ದಿನದಿಂದಲೇ ಜಾಮೀನುದಾರನ ಸಾಲಗಳ ವಸೂಲಿಗೆ ಮಧ್ಯಂತರ ತಡೆ. ಅರ್ಜಿ ಅಂಗೀಕಾರವಾದರೆ 180 ದಿನದ ತಡೆ. ಆ ಹೊತ್ತಿನಲ್ಲಿ ಮರುಪಾವತಿ ಯೋಜನೆ ಕೂಡಿಬರದಿದ್ದರೆ ಮುಂದಿನದು ದಿವಾಳಿ ಘೋಷಣೆ. ಆಗ ಆಸ್ತಿ ಟ್ರಸ್ಟಿಯ ಕೈಗೆ ಹೋಗುತ್ತದೆ. ಕೆಲವನ್ನು ಮಾತ್ರ ಹೊರಗಿಡಲಾಗಿದೆ: ಕೆಲಸದ ಉಪಕರಣ, ಮನೆಯ ಸಾಮಾನು, 1 ಲಕ್ಷ ಮೀರದ ಧಾರ್ಮಿಕ ಬಳಕೆಯ ಒಡವೆ, ಜೀವವಿಮೆ, ಮತ್ತು ಋಣಭಾರವಿಲ್ಲದ ಒಂದು ವಾಸದ ಮನೆ.

ಒಂದು ಮನೆ! ಎಂದು ಉಸಿರು ಬಿಡುವ ಮೊದಲು ನಿಯಮ ಓದಬೇಕು. ಆ ಮನೆಯ ಮೌಲ್ಯ ನಗರದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ಮೀರಬಾರದು. ಲೆಕ್ಕ ಹಾಕಿ: 30x40 ಎಂದರೆ 1,200 ಚದರಡಿ. ಕಟ್ಟಡಕ್ಕೆ ಬಿಡಿಗಾಸೂ ಬೆಲೆಯಿಲ್ಲ ಎಂದುಕೊಂಡರೂ 20 ಲಕ್ಷಕ್ಕೆ ನೆಲದ ಬೆಲೆ ಚದರಡಿಗೆ 1,667 ರೂಪಾಯಿ ಆಗುತ್ತದೆ. ರಾಗಿಗುಡ್ಡದ ಸುತ್ತ ಆ ದರ ಹೇಳಿದರೆ ಬ್ರೋಕರು ಕಾಫಿ ಕುಡಿಸಿ ಕಳಿಸಿಯಾನು. ಕಲಬುರಗಿಯ ಹಳೆ ಬಡಾವಣೆಗೂ ಜಯನಗರದ ನಾಲ್ಕನೇ ಬ್ಲಾಕಿಗೂ ಒಂದೇ ಅಂಕಿ ಬರೆದ ನಿಯಮ, ದಕ್ಷಿಣ ಬೆಂಗಳೂರಿನ ಮಟ್ಟಿಗೆ ಮನೆಯ ರಕ್ಷಣೆಯನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಂತೆಗೆದುಕೊಂಡಿದೆ. ಮನೆ ಅಡಮಾನವಿದ್ದರಂತೂ ಆ ಕೈಯೂ ಚಾಚುವುದಿಲ್ಲ.

ಲಂಡನ್ನಿನ ಒಂದು ವರ್ಷ

ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ಒರಟು, ಆದರೆ ಸ್ಪಷ್ಟ. 1986ರ ಅಲ್ಲಿನ ಇನ್‌ಸಾಲ್ವೆನ್ಸಿ ಕಾಯ್ದೆಯ ಪ್ರಕಾರ, ದಿವಾಳಿಯಾದವನ ಹೆಂಡತಿ ಮಕ್ಕಳು ವಾಸವಿರುವ ಮನೆಯನ್ನು ಮಾರಲು ಟ್ರಸ್ಟಿ ಕೇಳಿದಾಗ ಕೋರ್ಟು ಮೊದಲ ಒಂದು ವರ್ಷ ಸಂಸಾರದ ಅಗತ್ಯವನ್ನೂ ಸಾಲಿಗರ ಹಿತವನ್ನೂ ತೂಗುತ್ತದೆ. ವರ್ಷ ಕಳೆದಮೇಲೆ ತಕ್ಕಡಿ ಸಾಲಿಗರ ಕಡೆಗೆ ವಾಲಿದೆ ಎಂದೇ ಭಾವಿಸುತ್ತದೆ. ಅಸಾಧಾರಣ ಸಂದರ್ಭವಿದ್ದರೆ ಮಾತ್ರ ಮುಂದೂಡುತ್ತದೆ. ಗಂಭೀರ ಕಾಯಿಲೆ, ಅಂಗವೈಕಲ್ಯ ಅಂಥ ಸಂದರ್ಭವೆನಿಸಿವೆ. ಶಾಲೆ ಬದಲಿಸಬೇಕಾಗುತ್ತದೆ, ಅಷ್ಟು ಚೆನ್ನಾದ ಮನೆ ಮತ್ತೆ ಸಿಗದು ಎಂಬುದು ಸಾಲದು. ಸಾಲದ ಸೋಲಿನಲ್ಲಿ ಅದು ಎಲ್ಲರಿಗೂ ಆಗುವುದೇ ಎನ್ನುತ್ತವೆ ಅಲ್ಲಿನ ಕೋರ್ಟುಗಳು. ಗಡಿಯಾರ ಟ್ರಸ್ಟಿಗೂ ಇದೆ. ಮೂರು ವರ್ಷದೊಳಗೆ ಕ್ರಮ ಕೈಗೊಳ್ಳದಿದ್ದರೆ ಮನೆಯ ಹಕ್ಕು ದಿವಾಳಿಯಾದವನಿಗೇ ಮರಳುತ್ತದೆ.

ಆ ದೇಶದ ಕೋರ್ಟಿನಲ್ಲಿ ನಮ್ಮೂರಿನದೇ ಒಂದು ಮನೆತನದ ಮನೆಯ ಪ್ರಶ್ನೆ ಬಂದದ್ದನ್ನು ಓದುಗರು ಮರೆತಿರಲಾರರು. ಸ್ಟೇಟ್ ಬ್ಯಾಂಕ್ ನೇತೃತ್ವದ ಭಾರತೀಯ ಬ್ಯಾಂಕುಗಳ ಅರ್ಜಿಯ ಮೇಲೆ ವಿಜಯ್ ಮಲ್ಯ ಅವರನ್ನು 2021ರ ಜುಲೈ 26ರಂದು ಲಂಡನ್ ಹೈಕೋರ್ಟು ದಿವಾಳಿ ಎಂದು ಘೋಷಿಸಿತು. ಇತ್ತ ಲಂಡನ್ನಿನ ಕಾರ್ನ್‌ವಾಲ್ ಟೆರೇಸಿನ ಮನೆಯ ಮೇಲೆ ಸ್ವಿಸ್ ಬ್ಯಾಂಕು ಯುಬಿಎಸ್‌ನ 2 ಕೋಟಿ 4 ಲಕ್ಷ ಪೌಂಡಿನ ಅಡಮಾನ ಸಾಲ ಬೇರೆಯೇ ಇತ್ತು. ಕಾಗದದಲ್ಲಿ ಅದು ಕಂಪನಿಯೊಂದರ ಹೆಸರಿನ ಮನೆ, ವಾಸ ಮಲ್ಯ ಕುಟುಂಬದ್ದು, ಅವರ ವೃದ್ಧ ತಾಯಿಯೂ ಸೇರಿ. ಸಾಲದ ಅವಧಿ ಮುಗಿದದ್ದು 2017ರಲ್ಲಿ. 2019ರಲ್ಲಿ ಎರಡೂ ಕಡೆಯವರು ಒಪ್ಪಿ 2020ರ ಏಪ್ರಿಲ್ 30ರವರೆಗೆ ಗಡುವು ಹಾಕಿಕೊಂಡರು. ಅದು ಕಳೆಯಿತು, ಕೋವಿಡ್ ಬಂತು. 2022ರ ಜನವರಿಯಲ್ಲಿ ಇನ್ನಷ್ಟು ಸಮಯ ಕೇಳಿದಾಗ ಕೋರ್ಟು ಇಲ್ಲವೆಂದಿತು. ಇದು ದಿವಾಳಿ ಟ್ರಸ್ಟಿಯ ಮಾರಾಟವಲ್ಲ, ಅಡಮಾನದ ವಸೂಲಿ. ಆದರೂ ಪಾಠ ಒಂದೇ. ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ಸುಮಾರು ಐದು ವರ್ಷ ಸಿಕ್ಕಿತು. ಅದು ಕರುಣೆಯ ಅಳತೆಯಲ್ಲ, ಶಕ್ತಿಯ ಅಳತೆ.

ಮುಂದೂಡಿಕೆ ಬೆಲೆಯನ್ನೂ ಕರಗಿಸುತ್ತದೆ ಎಂಬುದಕ್ಕೂ ಮಲ್ಯ ಅವರ ಭಾರತೀಯ ಬ್ಯಾಂಕುಗಳ ಸಾಲದ ಕತೆಯಲ್ಲಿ ಉದಾಹರಣೆ ಇದೆ. ಮುಂಬಯಿಯ ವಿಮಾನ ನಿಲ್ದಾಣದ ಬಳಿಯ ಕಿಂಗ್‌ಫಿಷರ್ ಹೌಸನ್ನು 2016ರಲ್ಲಿ ಮೊದಲು ಹರಾಜಿಗಿಟ್ಟಾಗ ಕನಿಷ್ಠ ಬೆಲೆ 150 ಕೋಟಿ. ಹಲವು ಹರಾಜು ಬಿದ್ದುಹೋದವು. 2021ರಲ್ಲಿ ಅದು ಹೋದದ್ದು 52.25 ಕೋಟಿಗೆ.

ಕಾಯುತ್ತಿರುವ ಇನ್ನೊಂದು ಮನೆ

ಮುಂದೂಡಿಕೆಯ ಮಾತಾಡುವಾಗ ನಮ್ಮ ಕಣ್ಣೆದುರು ಒಂದೇ ಮನೆ ಇರುತ್ತದೆ, ಸಾಮಾನು ಕಟ್ಟುವ ಮನೆ. ಎದುರಿಗೆ ಬ್ಯಾಂಕು ಎಂಬ ಕಲ್ಲಿನ ಗೋಡೆ. ಆ ಗೋಡೆಯ ಹಿಂದೆಯೂ ಮನೆಗಳಿವೆ ಎಂದು ದಕ್ಷಿಣ ಬೆಂಗಳೂರು ಕಲಿತದ್ದು 2020ರ ಜನವರಿಯಲ್ಲಿ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದ ಮೊತ್ತ 35,000 ರೂಪಾಯಿ. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ನಿವೃತ್ತರು. ಪಿಂಚಣಿಯಿಲ್ಲದೆ ಬಡ್ಡಿಯಲ್ಲಿ ಮನೆ ನಡೆಸುವವರು. ಠೇವಣಿ ವಿಮೆಯ ಮಿತಿ ಅದೇ ವರ್ಷದ ಫೆಬ್ರುವರಿಯಲ್ಲಿ 5 ಲಕ್ಷಕ್ಕೆ ಏರಿತು, 2021ರ ತಿದ್ದುಪಡಿಯಿಂದ ಅದು 90 ದಿನದೊಳಗೆ ಸಿಗುವಂತಾಯಿತು. 5 ಲಕ್ಷದ ಮೇಲಿನ ಹಣಕ್ಕೆ ಆಸರೆ ಒಂದೇ: ಸುಸ್ತಿದಾರರ ಆಸ್ತಿ ಮಾರಿ ಬರುವ ವಸೂಲಿ.

ಸಹಕಾರಿ ಬ್ಯಾಂಕುಗಳೂ ಸರ್ಫೇಸಿ ಬಳಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದೇ 2020ರ ಮೇನಲ್ಲಿ ಹೇಳಿತು. ಅಂದರೆ ಒಂದು ಮನೆಯ ಹರಾಜು ಮುಂದಕ್ಕೆ ಹೋದಾಗ ಎರಡು ಬೀದಿ ಆಚೆ ಇನ್ನೊಬ್ಬರ ಡಯಾಲಿಸಿಸ್ಸೋ ಕನ್ನಡಕವೋ ಮುಂದಕ್ಕೆ ಹೋಗಬಹುದು. ದೊಡ್ಡ ಬ್ಯಾಂಕಿನ ವಿಷಯದಲ್ಲಿ ಈ ಕೊಂಡಿ ಕಾಣದಷ್ಟು ಉದ್ದ. ಸಹಕಾರಿ ಬ್ಯಾಂಕಿನಲ್ಲಿ ಸಾಲಗಾರನೂ ಠೇವಣಿದಾರನೂ ಒಂದೇ ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಳ್ಳುತ್ತಾರೆ.

ಸಮಯದ ಬೆಲೆ

ಈಗ ಲೆಕ್ಕ. 50 ಲಕ್ಷದ ಬಾಕಿ, ವರ್ಷಕ್ಕೆ ಶೇ 12, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಬಡ್ಡಿ ಎಂದುಕೊಳ್ಳಿ. ಮೊದಲ ತಿಂಗಳೇ 50,000. 18 ತಿಂಗಳು ಹರಾಜು ಮುಂದೂಡಿದರೆ ಬಾಕಿ ಸುಮಾರು 59.8 ಲಕ್ಷ, ಮೂರು ವರ್ಷಕ್ಕೆ 71.5 ಲಕ್ಷ. ದಂಡಶುಲ್ಕ, ವಕೀಲರ ಶುಲ್ಕ, ಬ್ಯಾಂಕಿನ ಖರ್ಚು ಬೇರೆ. ಕೋರ್ಟಿಗೆ ಬೇಸಿಗೆ ರಜೆಯುಂಟು, ಬ್ಯಾಂಕಿಗೆ ಎರಡನೇ ಶನಿವಾರವುಂಟು. ಬಡ್ಡಿಗೆ ಭಾನುವಾರವಿಲ್ಲ. ಮನೆ ಮಾರಿ ಸಾಲ ತೀರಿದ ಮೇಲೆ ಉಳಿದ ಹಣ ಮನೆಯವರಿಗೇ ಸೇರಬೇಕು, ಕಾಯ್ದೆಯೇ ಹಾಗೆ ಹೇಳುತ್ತದೆ. ಹಾಗಾಗಿ ಮುಂದೂಡಿಕೆಯ ಪ್ರತಿ ತಿಂಗಳೂ ಅಪ್ಪ ತನ್ನದೇ ಉಳಿಕೆಯಿಂದ 50 ಸಾವಿರ ಚಿಲ್ಲರೆ ಬಾಡಿಗೆ ಕೊಟ್ಟು ತನ್ನದೇ ಮನೆಯಲ್ಲಿ ಇದ್ದಂತೆ.

ಈ ಲೆಕ್ಕ ಹಾಕದೆ ಸಮಯ ಕೊಳ್ಳುವ ಉಪಾಯಗಳಿಗೆ ಬರವಿಲ್ಲ. ಮಕ್ಕಳ ಕೈಲಿ ಪಾಲಿನ ದಾವೆ ಹಾಕಿಸುವುದು, ಹೆಂಡತಿಯ ಹೆಸರಿಗೆ ದಾನಪತ್ರ ಬರೆಯುವುದು, ಹಳೆಯ ತಾರೀಖಿನ ಬಾಡಿಗೆ ಕರಾರು ಹುಟ್ಟಿಸುವುದು. ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಸಾಲಕ್ಕೆ ಸಹಿ ಹಾಕದ ಸಹೋದರರಿಗೂ ನಿಜವಾದ ಪಾಲಿದ್ದರೆ ಅದು ನಿಜವಾದ ರಕ್ಷಣೆ. 2005ರ ತಿದ್ದುಪಡಿಯ ನಂತರದ ಸಾಲಕ್ಕೆ, ಅಪ್ಪನ ಋಣ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನೆಪದ ಮೇಲೆ ಮಗನ ಪಾಲನ್ನು ಹಿಡಿಯುವಂತೆಯೂ ಇಲ್ಲ. ಹೊರಗಿನವನೊಬ್ಬ ಅವಿಭಕ್ತ ಕುಟುಂಬದ ವಾಸದ ಮನೆಯ ಒಂದು ಪಾಲು ಕೊಂಡು ವಿಭಾಗ ಕೇಳಿದರೆ, ಉಳಿದವರು ನ್ಯಾಯಬೆಲೆಗೆ ಆ ಪಾಲನ್ನು ಕೊಂಡು ಅವನನ್ನು ಹೊಸಿಲಾಚೆ ಇಡುವ ಹಕ್ಕು 1893ರ ವಿಭಾಗ ಕಾಯ್ದೆಯಲ್ಲಿದೆ. ಆದರೆ ಸಾಲಿಗರನ್ನು ತಪ್ಪಿಸಲೆಂದೇ ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಬುಡಮೇಲು ಮಾಡಬಲ್ಲದು. ಈ ಆಟವನ್ನು ನ್ಯಾಯಾಧೀಶರು ಸಾಲಗಾರರಿಗಿಂತ ಹೆಚ್ಚು ಸಲ ನೋಡಿದ್ದಾರೆ.

ಹಾಗಾದರೆ ಮನೆಯವರು ಏನು ಮಾಡಬೇಕು? 60 ದಿನದ ನೋಟಿಸನ್ನು ದೇವರ ಮನೆಯ ಡ್ರಾಯರಿನಲ್ಲಿ ಮುಚ್ಚಿಡಬಾರದು. ಅದಕ್ಕೆ ಬರೆದ ಆಕ್ಷೇಪಕ್ಕೆ ಬ್ಯಾಂಕು ಉತ್ತರ ಕೊಡಬೇಕಾದ ಬಾಧ್ಯತೆ ಇದೆ. ಒಂದು ಬಾರಿಯ ಇತ್ಯರ್ಥ ಕೇಳಬಹುದು. ಅದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ, ಆದರೆ ಕೇಳಲು ಅಡ್ಡಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವವರನ್ನು ತಾವೇ ಹುಡುಕಿ ಬ್ಯಾಂಕಿನ ಲಿಖಿತ ಒಪ್ಪಿಗೆಯೊಂದಿಗೆ ಖಾಸಗಿಯಾಗಿ ಮಾರಲು ನಿಯಮಗಳಲ್ಲೇ ಅವಕಾಶವಿದೆ. ಇದೆಲ್ಲ ಪತ್ರಿಕೆಯ ಪ್ರಕಟಣೆಗೆ ಮೊದಲು.

ಶಾಸನಕಾರರು ಮಾಡಬೇಕಾದದ್ದೂ ಇದೆ. ದೇಶದ ನಗರಗಳಿಗೆಲ್ಲ ಒಂದೇ 20 ಲಕ್ಷ ಎಂಬ ಅಂಕಿ ಬದಲಾಗಬೇಕು. ಮನೆಯನ್ನೇ ಉಳಿಸಲಾಗದಿದ್ದರೂ ಮಾರಾಟದ ಹಣದಲ್ಲಿ ಒಂದು ಸಣ್ಣ ಸೂರಿಗಾಗುವಷ್ಟನ್ನು ಬದಿಗಿಡಬಹುದು. ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಎಲ್ಲ ವ್ಯಕ್ತಿಗಳಿಗೂ ತೆರೆಯಬೇಕು. ವೃದ್ಧರು, ರೋಗಿಗಳು, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಇಂತಿಷ್ಟು ತಿಂಗಳು, ಆ ಅವಧಿಯ ಬಡ್ಡಿಗೆ ಇಂತಿಷ್ಟು ಮಿತಿ ಎಂದು ಬರೆದಿಡಬೇಕು. ಕೋವಿಡ್ ಕಾಲದಲ್ಲಿ 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತುಗಳಿಗೆ ವಿರಾಮ ಕೊಟ್ಟಾಗ ಇದನ್ನೇ ಮಾಡಿದೆವು: ಎಲ್ಲರಿಗೂ ಒಂದೇ ಗಡುವು, ಕೊನೆಗೆ ಆ ಅವಧಿಯ ಚಕ್ರಬಡ್ಡಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಬಗೆಹರಿಸಿದ್ದು. ಬ್ಯಾಂಕುಗಳು ಮುಳುಗಲಿಲ್ಲ. ಇಂದು ಸಿಗುವ ಸಮಯ ಯಾವ ವಕೀಲರು, ಯಾವ ಪೀಠ, ಯಾವ ವಾರ ಎಂಬುದರ ಮೇಲೆ ನಿಂತಿದೆ. ದುಡ್ಡಿದ್ದವನಿಗೆ ವರ್ಷಗಳು, ಇಲ್ಲದವನಿಗೆ ವಾರಗಳು.

ಅಲ್ಲಿಯವರೆಗೆ ಆ ಹಳೆಯ 83ನೇ ನಿಯಮವನ್ನು ಮನೆಗಳೇ ಕಲಿಯಬೇಕು. ನಮ್ಮ ಬೀದಿಗಳಲ್ಲಿ ಎರಡು ಬಗೆಯ ಬೋರ್ಡು ಕಾಣುತ್ತವೆ. ಒಂದು, ಗೇಟಿಗೆ ತಂತಿಯಲ್ಲಿ ಕಟ್ಟಿದ ‘ಈ ಮನೆ ಮಾರಾಟಕ್ಕಿದೆ’. ಕೆಳಗೆ ಮನೆಯವರದೇ ಫೋನ್ ನಂಬರು. ಇನ್ನೊಂದು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬ್ಯಾಂಕು ಬರೆಸಿದ್ದು. ಮೊದಲನೆಯದನ್ನು ಕಟ್ಟುವಾಗ ಅಪ್ಪನ ಕೈ ನಡುಗುತ್ತದೆ, ಅಮ್ಮ ಎರಡು ದಿನ ಊಟ ಬಿಡುತ್ತಾರೆ. ಆದರೂ ಕೊಳ್ಳಲು ಬಂದವರ ಜೊತೆ ಮಾತಾಡುವವರು ಅವರೇ, ಬೆಲೆ ಹೇಳುವವರು ಅವರೇ, ‘ಆಷಾಢ ಕಳೆದ ಮೇಲೆ ಬಿಟ್ಟುಕೊಡುತ್ತೇವೆ’ ಎಂದು ತಾರೀಖು ಗೊತ್ತುಮಾಡುವವರೂ ಅವರೇ. ಎರಡನೆಯ ಬೋರ್ಡು ಬಂದಮೇಲೆ ತಾರೀಖು ಗೊತ್ತುಮಾಡುವವರು ಬೇರೆಯವರು.